ಹಳೆಯ ಫೈಬರ್ ದೋಣಿಯ ಹೆಸರು ಅಳಿಸಿದರೂ ಅದರ ನೆರಳು ಹೋಗುತ್ತಿಲ್ಲ: ಮೈಯನ್ನು ಸರಿಪಡಿಸುವುದು ಹೇಗೆ?

ಶರಾವತಿ ಮಾಸ್ತರ · ಏಪ್ರಿಲ್ 12

ಎಲ್ಲರಿಗೂ ನಮಸ್ಕಾರ. ನಿವೃತ್ತಿಯ ನಂತರ ಅಳಿವೆಯಲ್ಲಿ ಸ್ವಂತಕ್ಕೆ ಬಲೆ ಬಿಡಬೇಕೆಂಬ ಬಹಳ ದಿನಗಳ ಆಸೆಯಿಂದ, ಉಡುಪಿ ಜಿಲ್ಲೆಯ ಒಬ್ಬರ ಬಳಿ 28 ಅಡಿಯ ಹಳೆಯ ಫೈಬರ್ ದೋಣಿಯೊಂದನ್ನು ಕೊಂಡು ಹೊನ್ನಾವರಕ್ಕೆ ತಂದಿದ್ದೇನೆ. ತಳ ಗಟ್ಟಿಯಾಗಿದೆ, ಎಲ್ಲಿಯೂ ನೀರು ಒಸರುವುದಿಲ್ಲ. ಆದರೆ ಹೊರಮೈಯನ್ನು ನೋಡಿದರೆ ದೋಣಿಯ ಅರ್ಧ ಆಯುಷ್ಯ ಬಿಸಿಲಿನಲ್ಲಿಯೇ ಕಳೆದಂತಿದೆ. ಒಂದು ಕಾಲದಲ್ಲಿ ಬಿಳಿಯಾಗಿದ್ದ ಮೈ ಈಗ ಸುಣ್ಣ ಬಳಿದ ಗೋಡೆಯ ಹಾಗೆ ಕೈಗೆ ಪುಡಿ ಹತ್ತಿಸುತ್ತದೆ.

ಎರಡೂ ಮಗ್ಗುಲುಗಳಲ್ಲಿ ಕೆಂಪು ಎನಾಮಲ್ ಬಣ್ಣದಿಂದ ಕೈಯಲ್ಲಿ ಬರೆದ ದೊಡ್ಡ ಹೆಸರಿದೆ. ಹಿಂಭಾಗದಲ್ಲಿ ರೇಡಿಯಂ ಸ್ಟಿಕ್ಕರಿನ ಅಕ್ಷರಗಳು, ಎರಡು ದೇವರ ಚಿತ್ರಗಳು ಮತ್ತು ಹಿಂದಿನ ಮಾಲೀಕರ ಫೋನ್ ನಂಬರ್ ಇವೆ. ಸ್ಟಿಕ್ಕರುಗಳು ಬಿಸಿಲಿಗೆ ಒಣಗಿ ಹಾವಿನ ಪೊರೆಯಂತೆ ಬಿರಿದಿವೆ, ಉಗುರಿನಿಂದ ಎತ್ತಿದರೆ ಅಕ್ಕಿಕಾಳಿನಷ್ಟು ಚೂರು ಬರುತ್ತದೆ. ಒಂದು ಅಕ್ಷರವನ್ನು ಅರ್ಧ ದಿನ ಕುಳಿತು ಪೂರ್ತಿ ಕಿತ್ತೆ. ಕಿತ್ತ ಜಾಗದಲ್ಲಿ ಅದೇ ಅಕ್ಷರ ಹೊಳೆಯುವ ಬಿಳಿಯಾಗಿ, ಮೊದಲಿಗಿಂತ ಸ್ಪಷ್ಟವಾಗಿ ಕಾಣುತ್ತಿದೆ.

ಇದಲ್ಲದೆ ನೀರಿನ ಗೆರೆಯುದ್ದಕ್ಕೂ ಕಾಫಿ ಬಣ್ಣದ ಕಲೆಯಿದೆ, ಬೋಲ್ಟುಗಳ ಕೆಳಗೆ ತುಕ್ಕಿನ ಗೆರೆಗಳು ಇಳಿದಿವೆ. ಹೊಸದಾಗಿ ಬಣ್ಣ ಹೊಡೆಸುವಷ್ಟು ಹಣ ಈಗ ಇಲ್ಲ. ಮಳೆಗಾಲದ ಮೊದಲು ನಾನೇ ಮಾಡಿಕೊಳ್ಳಬಹುದಾದ ಕೆಲಸ ಯಾವುದು, ಅದನ್ನು ಯಾವ ಕ್ರಮದಲ್ಲಿ ಮಾಡಬೇಕು ಎಂದು ತಿಳಿದವರು ದಯವಿಟ್ಟು ಹೇಳಬೇಕು.

ಕಾರವಾರ ಕಡಲು · ಏಪ್ರಿಲ್ 12

ಮಾಸ್ತರರೇ, ಹೆಸರನ್ನು ಏನಾದರೂ ಮಾಡಿ, ಆದರೆ ನೋಂದಣಿ ಸಂಖ್ಯೆಯನ್ನು ಸದ್ಯಕ್ಕೆ ಮುಟ್ಟಬೇಡಿ. ಐಎನ್‌ಡಿ-ಕೆಎ ಎಂದು ಆರಂಭವಾಗುವ ಆ ಸಾಲು ದೋಣಿಯ ಗುರುತು, ಹಿಂದಿನ ಮಾಲೀಕರದ್ದಲ್ಲ. ಮೀನುಗಾರಿಕೆ ಇಲಾಖೆಯಲ್ಲಿ ಮಾಲೀಕತ್ವ ನಿಮ್ಮ ಹೆಸರಿಗೆ ಬದಲಾಗುವವರೆಗೆ ಅದು ಹೇಗಿದೆಯೋ ಹಾಗೆಯೇ ಓದುವಂತಿರಲಿ. ಈಗ ಅರ್ಜಿ ದೋಣಿ ನೋಂದಣಿಯ ಸರ್ಕಾರಿ ಜಾಲತಾಣವಾದ ರಿಯಲ್‌ಕ್ರಾಫ್ಟ್ ಮೂಲಕ ಹೋಗುತ್ತದೆ. ದೋಣಿಯ ಬಣ್ಣ ಅಥವಾ ಹೆಸರನ್ನು ಬದಲಾಯಿಸುವುದಾದರೆ ಅದನ್ನೂ ಅದೇ ಸಮಯದಲ್ಲಿ ಕಚೇರಿಯಲ್ಲಿ ಕೇಳಿಕೊಳ್ಳಿ.

2008ರ ನವೆಂಬರಿನಲ್ಲಿ ಮುಂಬಯಿಗೆ ಬಂದ ದಾಳಿಕೋರರು ಪೋರಬಂದರಿನ ‘ಕುಬೇರ’ ಎಂಬ ಮೀನುಗಾರಿಕೆ ಬೋಟನ್ನು ವಶಪಡಿಸಿಕೊಂಡೇ ಬಂದದ್ದು ನಿಮಗೆ ನೆನಪಿರಬಹುದು. ಅಂದಿನಿಂದ ಗುರುತಿಲ್ಲದ ದೋಣಿಯನ್ನು ನೋಡಿದರೆ ಕರಾವಳಿ ಕಾವಲು ಪೊಲೀಸರಾಗಲಿ ಕೋಸ್ಟ್ ಗಾರ್ಡಿನವರಾಗಲಿ ಸುಮ್ಮನೆ ಬಿಡುವುದಿಲ್ಲ, ಬಿಡಲೂಬಾರದು. ಕೆಲಸ ಆರಂಭಿಸುವ ಮೊದಲು ನಾಲ್ಕೂ ಕಡೆಯಿಂದ ಫೋಟೊ ತೆಗೆದಿಟ್ಟುಕೊಳ್ಳಿ. ಅಕ್ಷರಗಳ ಎತ್ತರ ಮತ್ತು ಸ್ಥಾನವನ್ನು ಟೇಪಿನಿಂದ ಅಳೆದು ಬರೆದಿಡಿ, ಮತ್ತೆ ಬರೆಸುವಾಗ ಬೇಕಾಗುತ್ತದೆ.

ಮಲ್ಪೆ ಫೈಬರ್ ಕೆಲಸ · ಏಪ್ರಿಲ್ 13

ನಾನು ಹದಿನೆಂಟು ವರ್ಷಗಳಿಂದ ಫೈಬರ್ ದೋಣಿಗಳ ಅಚ್ಚು ಮತ್ತು ದುರಸ್ತಿಯ ಕೆಲಸ ಮಾಡುತ್ತಿದ್ದೇನೆ. ಮಾಸ್ತರರು ಕೇಳಿದ್ದು ಒಂದೇ ಪ್ರಶ್ನೆಯಾದರೂ ಅದರೊಳಗೆ ಮೂರು ಬೇರೆ ಬೇರೆ ಕೆಲಸಗಳಿವೆ, ಮೂರಕ್ಕೂ ಒಂದೇ ಔಷಧಿ ಹಚ್ಚಿದರೆ ದೋಣಿ ಕೆಡುತ್ತದೆ.

ಮೊದಲು ಮೈಯ ವಿಷಯ. ಫೈಬರ್ ದೋಣಿಯ ಹೊರಗಿನ ಬಿಳಿ ಪದರವು ಬಣ್ಣವಲ್ಲ, ಜೆಲ್‌ಕೋಟ್. ಅಂದರೆ ಬಣ್ಣ ಬೆರೆಸಿದ ಪಾಲಿಯೆಸ್ಟರ್ ರೆಸಿನ್, ದ್ರವವಾಗಿ ಹಚ್ಚಿದ ಮೇಲೆ ಗಟ್ಟಿಯಾಗುವ ಪ್ಲಾಸ್ಟಿಕ್ಕಿನಂಥ ವಸ್ತು. ದೋಣಿಯನ್ನು ಅಚ್ಚಿನಲ್ಲಿ ಎರೆಯುವಾಗಲೇ ಅದನ್ನು ಮೊದಲ ಪದರವಾಗಿ ಹಾಕಿರುತ್ತಾರೆ. ಅದರ ದಪ್ಪ ಸುಮಾರು ಅರ್ಧ ಮಿಲಿಮೀಟರ್ ಮಾತ್ರ. ನೀವು ಉಜ್ಜುವುದೆಲ್ಲವೂ ಆ ಅರ್ಧ ಮಿಲಿಮೀಟರಿನ ಲೆಕ್ಕದಿಂದ ಖರ್ಚಾಗುತ್ತದೆ, ಒಮ್ಮೆ ಕೆಳಗಿನ ನಾರು ಕಂಡಿತೆಂದರೆ ಪಾಲಿಶ್ ಕೆಲಸ ಮುಗಿದು ಪೇಂಟ್ ಕೆಲಸ ಆರಂಭವಾದಂತೆಯೇ.

ಸ್ಟಿಕ್ಕರ್ ತೆಗೆಯಲು ಬಿಸಿ ಬೇಕು, ಆದರೆ ಹದವಾಗಿ ಬೇಕು. ಏಪ್ರಿಲ್ ತಿಂಗಳಿನಲ್ಲಿ ದೋಣಿಯ ಆ ಮಗ್ಗುಲನ್ನು ಮಧ್ಯಾಹ್ನದ ಬಿಸಿಲಿಗೆ ತಿರುಗಿಸಿಟ್ಟರೆ ಅರ್ಧ ಕೆಲಸವನ್ನು ಸೂರ್ಯನೇ ಮಾಡುತ್ತಾನೆ. ಇನ್ನೂ ಬೇಕೆಂದರೆ ಕೂದಲು ಒಣಗಿಸುವ ಡ್ರೈಯರ್ ಸಾಕು. ಬಿಸಿ ಮಾಡಿದ ಜಾಗದ ಮೇಲೆ ಅಂಗೈಯನ್ನು ಐದು ಸೆಕೆಂಡು ಇಡಲು ಆಗದಿದ್ದರೆ ಅದು ಅತಿಯಾಯಿತೆಂದು ತಿಳಿಯಿರಿ. ಅಂಚನ್ನು ಪ್ಲಾಸ್ಟಿಕ್ ಪಟ್ಟಿಯಿಂದ ಎತ್ತಿ, ಸ್ಟಿಕ್ಕರನ್ನು ಮೈಯಿಂದ ಹೊರಕ್ಕೆ ಎಳೆಯದೆ ಅದರ ಮೇಲೆಯೇ ಹಿಂದಕ್ಕೆ ಮಡಚಿ ನಿಧಾನವಾಗಿ ಎಳೆಯಬೇಕು. ನಿಮ್ಮದರಂತೆ ಪುಡಿಯಾಗುವಷ್ಟು ಒಣಗಿದ್ದರೆ ಡ್ರಿಲ್‌ಗೆ ಹಾಕುವ ರಬ್ಬರ್ ಚಕ್ರ ಸಿಗುತ್ತದೆ, ಕಾರಿನ ಸ್ಟಿಕ್ಕರ್ ತೆಗೆಯುವವರು ಅದನ್ನೇ ಬಳಸುತ್ತಾರೆ. ಕಡಿಮೆ ವೇಗದಲ್ಲಿ, ಒಂದೇ ಕಡೆ ನಿಲ್ಲಿಸದೆ ಓಡಿಸಿದರೆ ಅದು ಸ್ಟಿಕ್ಕರನ್ನೂ ಅಂಟನ್ನೂ ಒಟ್ಟಿಗೆ ಉರುಳಿಸಿ ತೆಗೆಯುತ್ತದೆ. ಉಳಿದ ಅಂಟಿಗೆ ಸೀಮೆಎಣ್ಣೆ ಅಥವಾ ಟರ್ಪೆಂಟೈನಿನಲ್ಲಿ ನೆನೆಸಿದ ಬಟ್ಟೆಯನ್ನು ಹತ್ತು ನಿಮಿಷ ಹಚ್ಚಿಟ್ಟು ಒರೆಸಿ, ನಂತರ ಸೋಪಿನ ನೀರಿನಿಂದ ತೊಳೆಯಿರಿ.

ಇನ್ನು ಕೆಂಪು ಎನಾಮಲ್. ಅದಕ್ಕೆ ಅವಸರದಲ್ಲಿ ತಿನ್ನರ್ (ಬಣ್ಣ ಕರಗಿಸುವ ದ್ರವ) ಹಚ್ಚಬೇಡಿ. ಫೈಬರ್ ಮೇಲೆ ಎನಾಮಲ್ ಗಟ್ಟಿಯಾಗಿ ಹಿಡಿಯುವುದಿಲ್ಲ, ಹಳೆಯದಾದರೆ ಇನ್ನೂ ಸಡಿಲ. ಹೊಸ ಬ್ಲೇಡನ್ನು ಮೈಗೆ ಬಹುತೇಕ ಮಲಗಿಸಿ, ಮೂಲೆಗಳು ತಾಗದಂತೆ ತಳ್ಳಿದರೆ ಹೆಚ್ಚಿನದು ಸಿಪ್ಪೆಯಂತೆ ಎದ್ದುಬರುತ್ತದೆ. ಕನ್ನಡದ ಅಕ್ಷರಗಳಲ್ಲಿ ಸುರುಳಿ ಮತ್ತು ಒತ್ತುಗಳು ಹೆಚ್ಚಿರುವುದರಿಂದ ತಾಳ್ಮೆ ಬೇಕಾಗುತ್ತದೆ. ಉಳಿದ ಚುಕ್ಕೆಗಳಿಗೆ 800 ನಂಬರಿನ ವಾಟರ್ ಪೇಪರ್ (ನೀರು ಹಾಕಿ ಉಜ್ಜುವ ಮರಳು ಕಾಗದ, ನಂಬರ್ ಹೆಚ್ಚಿದಷ್ಟೂ ನಯ) ಸಾಕು.

ಗಂಗೊಳ್ಳಿ ದೋಣಿ · ಏಪ್ರಿಲ್ 13

ಇಷ್ಟೆಲ್ಲ ಕಷ್ಟ ಯಾಕೆ? ನಾವು ಎನ್‌ಸಿ ತಿನ್ನರ್ ಹಾಕಿ ಒಂದೇ ಗಂಟೆಯಲ್ಲಿ ಹೆಸರು ಅಳಿಸುತ್ತೇವೆ. ಆಮೇಲೆ ಇಡೀ ಮಗ್ಗುಲಿಗೆ ಎರಡು ಕೋಟ್ ಬಣ್ಣ ಹೊಡೆಯುತ್ತೇವೆ. ಸಮುದ್ರಕ್ಕೆ ಹೋಗುವ ದೋಣಿಗೆ ಮದುಮಗಳ ಅಲಂಕಾರ ಬೇಕಾಗಿಲ್ಲ.

ರಸಾಯನ ಉಪನ್ಯಾಸಕಿ · ಏಪ್ರಿಲ್ 14

ಬಣ್ಣ ಹೊಡೆಯುವುದೇ ನಿಶ್ಚಯವಾಗಿದ್ದರೆ ಗಂಗೊಳ್ಳಿಯವರ ದಾರಿ ನಡೆಯುತ್ತದೆ. ಮಾಸ್ತರರು ಮೂಲ ಜೆಲ್‌ಕೋಟನ್ನೇ ಉಳಿಸಿಕೊಳ್ಳಬೇಕೆಂದಿರುವುದರಿಂದ ಅದು ಅಪಾಯಕಾರಿ. ಕಾರಣವನ್ನು ಸ್ವಲ್ಪ ವಿವರಿಸುತ್ತೇನೆ.

ಮೈಯಿಂದ ಪುಡಿ ಏಳುವುದೆಂದರೆ ಸೂರ್ಯನ ಅತಿನೇರಳೆ ಕಿರಣಗಳು ಮೇಲ್ಮೈಯ ರೆಸಿನನ್ನು ಒಡೆದಿವೆ, ಅದು ಹಿಡಿದಿಟ್ಟುಕೊಂಡಿದ್ದ ಟೈಟಾನಿಯಂ ಡೈಆಕ್ಸೈಡಿನ ಬಿಳಿ ಕಣಗಳು ಸಡಿಲಾಗಿವೆ ಎಂದರ್ಥ. ಹಾಗೆ ಒಡೆದ ಮೇಲ್ಮೈ ಸ್ಪಂಜಿನಂತೆ ಸೂಕ್ಷ್ಮ ರಂಧ್ರಗಳಿಂದ ತುಂಬಿರುತ್ತದೆ. ಅದರ ಮೇಲಿರುವ ಕೆಂಪು ಬಣ್ಣವನ್ನು ತಿನ್ನರ್‌ನಲ್ಲಿ ಕರಗಿಸಿದರೆ ಬಣ್ಣವು ಬಟ್ಟೆಗೆ ಬರುವುದಕ್ಕಿಂತ ಮೊದಲು ಸುತ್ತಲಿನ ರಂಧ್ರಗಳಿಗೆ ಇಳಿಯುತ್ತದೆ. ಅಕ್ಷರ ಹೋಗುತ್ತದೆ, ಆದರೆ ಅಕ್ಷರದ ಎರಡರಷ್ಟು ಅಗಲದ ಗುಲಾಬಿ ಕಲೆಯೊಂದು ಉಳಿದುಕೊಳ್ಳುತ್ತದೆ. ಆದ್ದರಿಂದ ಕೆರೆದು ತೆಗೆಯಬಹುದಾದಷ್ಟನ್ನು ಒಣಗಿದ ಸ್ಥಿತಿಯಲ್ಲಿಯೇ ಕೆರೆದು, ದ್ರಾವಕವನ್ನು ಕೊನೆಯಲ್ಲಿ, ಬಟ್ಟೆಯ ತುದಿಗೆ ಮಾತ್ರ ಹಚ್ಚಿಕೊಂಡು ಬಳಸುವುದು ಒಳ್ಳೆಯದು.

ಡೈಕ್ಲೋರೋಮೀಥೇನ್ ಇರುವ ಪೇಂಟ್ ರಿಮೂವರನ್ನಂತೂ ತರಲೇಬೇಡಿ, ಅದಕ್ಕೆ ಬಣ್ಣವೂ ಜೆಲ್‌ಕೋಟೂ ಒಂದೇ.

ನೆರಳಿನ ಬಗ್ಗೆ ಒಂದು ಸರಳ ಪರೀಕ್ಷೆಯಿದೆ. ಅಕ್ಷರ ಕಿತ್ತ ಜಾಗಕ್ಕೂ ಸುತ್ತಲಿಗೂ ನೀರು ಹಚ್ಚಿ ನೋಡಿ. ಒದ್ದೆಯಾದಾಗ ನೆರಳು ಮಾಯವಾದರೆ ಅದು ಸುತ್ತಲಿನ ಪುಡಿಯಿಂದ ಉಂಟಾದ ವ್ಯತ್ಯಾಸ ಮಾತ್ರ. ಅಕ್ಷರದ ಕೆಳಗಿದ್ದ ಜಾಗಕ್ಕೆ ಬಿಸಿಲು ತಾಗಿಲ್ಲ, ಸುತ್ತಲಿನದಕ್ಕೆ ತಾಗಿದೆ. ಆಗ ನೀವು ತಿಕ್ಕಬೇಕಾದದ್ದು ಅಕ್ಷರದ ಜಾಗವನ್ನಲ್ಲ, ಅದರ ಸುತ್ತಲಿನ ಮೈಯನ್ನು. ಹೆಚ್ಚಿನವರು ಎಡವುವುದು ಇಲ್ಲಿಯೇ. ಒದ್ದೆಯಾದಾಗಲೂ ನೆರಳು ಉಳಿದರೆ ಬಣ್ಣ ಒಳಗೆ ಇಳಿದಿದೆ ಅಥವಾ ಜೆಲ್‌ಕೋಟಿನ ಬಣ್ಣವೇ ಹಳದಿಗೆ ತಿರುಗಿದೆ ಎಂದು ತಿಳಿಯಬಹುದು. ಅದಕ್ಕೆ ಇನ್ನೂ ಸ್ವಲ್ಪ ಆಳಕ್ಕೆ ಹೋಗಬೇಕಾಗುತ್ತದೆ.

ಶರಾವತಿ ಮಾಸ್ತರ · ಏಪ್ರಿಲ್ 21

ಎಲ್ಲರಿಗೂ ಕೃತಜ್ಞತೆಗಳು. ಒಂದು ವಾರದ ವರದಿಯನ್ನು ಒಪ್ಪಿಸುತ್ತಿದ್ದೇನೆ, ಅದರಲ್ಲಿ ಒಂದು ತಪ್ಪೊಪ್ಪಿಗೆಯೂ ಸೇರಿದೆ.

ಎಡಮಗ್ಗುಲಿನ ಹೆಸರು ಬ್ಲೇಡಿಗೆ ನಿರೀಕ್ಷೆಗಿಂತ ಸುಲಭವಾಗಿ ಬಂತು. ಬಲಮಗ್ಗುಲು ಬಿಸಿಲಿಗೆ ಹೆಚ್ಚು ಬಿದ್ದದ್ದೋ ಏನೋ, ಅಲ್ಲಿ ಬಣ್ಣ ಹುಡಿಯಾಗಿ ಉದುರಿದರೂ ಕೆಳಗೆ ತಿಳಿ ಗುಲಾಬಿ ಛಾಯೆ ಉಳಿದಿದೆ. ನೀರು ಹಚ್ಚಿ ನೋಡಿದೆ. ಎಡಗಡೆಯ ನೆರಳು ಮಾಯವಾಗುತ್ತದೆ, ಬಲಗಡೆಯದು ಹೋಗುವುದಿಲ್ಲ. ಉಪನ್ಯಾಸಕಿಯವರು ಹೇಳಿದ ಎರಡೂ ಬಗೆಗಳು ಒಂದೇ ದೋಣಿಯ ಮೇಲೆ ನನಗೆ ಸಿಕ್ಕಿವೆ.

ಈಗ ತಪ್ಪೊಪ್ಪಿಗೆ. ಹಿಂಭಾಗದ ಸ್ಟಿಕ್ಕರುಗಳ ವಿಷಯದಲ್ಲಿ ನನ್ನ ತಾಳ್ಮೆ ಮುಗಿದು, ನೆರೆಯವರಿಂದ ಪ್ಲಂಬರುಗಳು ಬಳಸುವ ಹೀಟ್ ಗನ್ ತಂದೆ. ಮೊದಲ ಎರಡು ಅಕ್ಷರಗಳು ಬೆಣ್ಣೆಯಂತೆ ಬಂದವು. ಮೂರನೆಯದರ ಹೊತ್ತಿಗೆ ಫೋನ್ ಕರೆ ಬಂತು, ನಾನು ಮಾತನಾಡುತ್ತ ಗನ್ನನ್ನು ಒಂದೇ ಕಡೆ ಹಿಡಿದು ನಿಂತೆ. ಅಂಗೈಯಗಲದ ಜಾಗ ಹಳದಿಯಾಗಿ ಹಪ್ಪಳದ ಹಾಗೆ ಉಬ್ಬಿದೆ, ಒತ್ತಿದರೆ ಟಕ್ಕೆಂದು ಸದ್ದು ಮಾಡುತ್ತದೆ. ಐದು ಸೆಕೆಂಡು ಅಂಗೈ ಇಟ್ಟು ನೋಡಿ ಎಂದು ಮಲ್ಪೆಯವರು ಹೇಳಿದ್ದನ್ನು ಓದಿಯೂ ಹೀಗೆ ಮಾಡಿಕೊಂಡೆ. ಮೂವತ್ತು ವರ್ಷ ಮಕ್ಕಳಿಗೆ ಪ್ರಶ್ನೆಯನ್ನು ಎರಡು ಸಲ ಓದಿ ಎಂದು ಹೇಳಿದವನು ನಾನು.

ಮಲ್ಪೆ ಫೈಬರ್ ಕೆಲಸ · ಏಪ್ರಿಲ್ 21

ಮಾಸ್ತರರೇ, ಅದು ಗಾಬರಿಯಾಗುವಂಥದ್ದಲ್ಲ. ಉಬ್ಬಿದ ಜೆಲ್‌ಕೋಟ್ ಮತ್ತೆ ಅಂಟುವುದಿಲ್ಲ, ಅದನ್ನು ಪೂರ್ತಿಯಾಗಿ ಕೆರೆದು ತೆಗೆಯಿರಿ. ಕೆಳಗಿನ ನಾರಿನ ಪದರ ಬಿಳಿಚಿಕೊಂಡಿದ್ದರೆ ಅಥವಾ ಮೆತ್ತಗಾಗಿದ್ದರೆ ನನಗೆ ಫೋಟೊ ಕಳುಹಿಸಿ. ಗಟ್ಟಿಯಾಗಿದ್ದರೆ ಅಂಚುಗಳನ್ನು 120 ನಂಬರ್ ಪೇಪರಿನಿಂದ ಇಳಿಜಾರಾಗಿ ಉಜ್ಜಿ, ಅಸಿಟೋನಿನಿಂದ ಒರೆಸಿ, ಜೆಲ್‌ಕೋಟ್ ತುಂಬಿ.

ಇಲ್ಲಿ ಎರಡು ಮಾತುಗಳನ್ನು ಮರೆಯಬಾರದು. ಜೆಲ್‌ಕೋಟಿಗೆ ಅದನ್ನು ಗಟ್ಟಿಯಾಗಿಸುವ ಹಾರ್ಡನರನ್ನು ತೂಕದ ಸುಮಾರು ಶೇ. 1ರಿಂದ 2ರಷ್ಟು ಹಾಕುತ್ತಾರೆ. ಕೆಲವು ಅಂಗಡಿಗಳಲ್ಲಿ ರೆಸಿನ್, ಗಟ್ಟಿಯಾಗುವುದನ್ನು ಚುರುಕುಗೊಳಿಸುವ ಕೋಬಾಲ್ಟ್ ದ್ರಾವಣ ಮತ್ತು ಹಾರ್ಡನರ್ ಮೂರನ್ನೂ ಬೇರೆ ಬೇರೆ ಬಾಟಲಿಗಳಲ್ಲಿ ಕೊಡುತ್ತಾರೆ. ಕೋಬಾಲ್ಟನ್ನು ಮೊದಲು ರೆಸಿನ್‌ಗೆ ಹಾಕಿ ಚೆನ್ನಾಗಿ ಕಲಸಿದ ಮೇಲೆಯೇ ಹಾರ್ಡನರ್ ಹಾಕಬೇಕು. ಕೋಬಾಲ್ಟ್ ಮತ್ತು ಹಾರ್ಡನರನ್ನು ನೇರವಾಗಿ ಒಂದಕ್ಕೊಂದು ಬೆರೆಸಿದರೆ ಬೆಂಕಿ ಹತ್ತುತ್ತದೆ ಅಥವಾ ಸಿಡಿಯುತ್ತದೆ. ಕನ್ನಡಕ ಮತ್ತು ಕೈಗವಸು ಇಲ್ಲದೆ ಹಾರ್ಡನರ್ ಬಾಟಲಿಯ ಮುಚ್ಚಳ ತೆಗೆಯಬೇಡಿ.

ಎರಡನೆಯದಾಗಿ, ಸಾಧಾರಣ ಜೆಲ್‌ಕೋಟ್ ಗಾಳಿ ತಾಗಿದ ಮೈಯಲ್ಲಿ ಪೂರ್ತಿ ಗಟ್ಟಿಯಾಗುವುದಿಲ್ಲ, ಮೇಲ್ಭಾಗ ಅಂಟಂಟಾಗಿಯೇ ಉಳಿಯುತ್ತದೆ. ಆದ್ದರಿಂದ ತುಂಬಿದ ಮೇಲೆ ಪಾರದರ್ಶಕ ಪ್ಲಾಸ್ಟಿಕ್ (ಓಎಚ್‌ಪಿ) ಹಾಳೆಯನ್ನು ಮುಚ್ಚಿ, ಗುಳ್ಳೆಗಳನ್ನು ಬೆರಳಿನಿಂದ ಹೊರಕ್ಕೆ ಒತ್ತಿ, ಸುತ್ತ ಟೇಪ್ ಹಚ್ಚಿ. ಮರುದಿನ ಹಾಳೆ ತೆಗೆದರೆ ಗಾಜಿನಂಥ ಮೈ ಸಿಗುತ್ತದೆ. ಸುತ್ತಲಿನ ಮಟ್ಟಕ್ಕಿಂತ ಸ್ವಲ್ಪ ಎತ್ತರವಾಗಿ ತುಂಬಿಟ್ಟು, 400, 600, 1000, 1500, 2000 ಎಂದು ಪೇಪರಿನ ನಂಬರ್ ಏರಿಸುತ್ತ ನೀರಿನಲ್ಲಿ ಉಜ್ಜಿ ಸಮ ಮಾಡಿ. ಹೊಸ ಬಿಳಿಗೂ ಹಳೆಯ ಬಿಳಿಗೂ ಬಣ್ಣ ಹೊಂದುವುದಿಲ್ಲ. ಚಿಟಿಕೆಯಷ್ಟು ಹಳದಿ ಪಿಗ್ಮೆಂಟ್ ಬೆರೆಸಿ ಹತ್ತಿರಕ್ಕೆ ತರಬಹುದು, ಪೂರ್ತಿ ಒಂದಾಗಿಸುತ್ತೇನೆ ಎನ್ನುವವರನ್ನು ನಂಬಬೇಡಿ.

ಮಿಷಿಗನ್ ಕನ್ನಡಿಗ · ಏಪ್ರಿಲ್ 23

ನಾನು ಕುಂದಾಪುರದವನು, ಈಗ ಅಮೆರಿಕದ ಮಿಷಿಗನ್ ರಾಜ್ಯದಲ್ಲಿದ್ದೇನೆ. ಇಲ್ಲಿ ಒಂದು ಹಳೆಯ ಹಾಯಿದೋಣಿಯನ್ನು ಕೊಂಡಾಗ ನನಗೂ ಇದೇ ಸಮಸ್ಯೆ ಎದುರಾಗಿತ್ತು. ಹಿಂಭಾಗದಲ್ಲಿದ್ದ ನೀಲಿ ಸ್ಟಿಕ್ಕರಿನ ಹೆಸರನ್ನು ತೆಗೆದ ಮೇಲೂ ದಡದಲ್ಲಿ ನಿಂತವರು ಹಳೆಯ ಹೆಸರನ್ನೇ ಓದಿ ಕರೆಯುತ್ತಿದ್ದರು. ಕಾಂಪೌಂಡ್ (ಮೈಯನ್ನು ನಯವಾಗಿ ಉಜ್ಜುವ ಪೇಸ್ಟ್) ಹಾಕಿ ತಿಕ್ಕಿದಾಗ ಮುಕ್ಕಾಲು ಭಾಗ ಹೋಯಿತು. ಉಳಿದದ್ದನ್ನು ಹಾಗೆಯೇ ಬಿಟ್ಟೆ, ಎರಡು ಬೇಸಿಗೆಗಳ ಬಿಸಿಲಿಗೆ ಆ ಜಾಗವೂ ಸುತ್ತಲಿನಷ್ಟೇ ಮಾಸಿ ನೆರಳು ತಾನಾಗಿಯೇ ಕರಗಿತು. ನಮ್ಮ ಕರಾವಳಿಯ ಬಿಸಿಲಿಗೆ ಅಷ್ಟು ದಿನ ಬೇಕಾಗಲಿಕ್ಕಿಲ್ಲ.

ಇಲ್ಲಿನ ಕೆಲವರು ಬಣ್ಣದ ಅಕ್ಷರಗಳ ಮೇಲೆ ಅಡುಗೆ ಒಲೆ ತೊಳೆಯುವ ನೊರೆಯನ್ನು ಸಿಂಪಡಿಸಿ ಒರೆಸುತ್ತಾರೆ. ಅದು ಕೆಲಸ ಮಾಡುವುದನ್ನು ಕಣ್ಣಾರೆ ನೋಡಿದ್ದೇನೆ. ಅದರ ಬಗ್ಗೆ ಉಪನ್ಯಾಸಕಿಯವರ ಅಭಿಪ್ರಾಯವೇನು?

ಅಂದಹಾಗೆ, ಸಂಖ್ಯೆಯ ವಿಷಯದಲ್ಲಿ ಇಲ್ಲಿಯೂ ಶಿಸ್ತು ಇದೆ. ನೋಂದಣಿ ಸಂಖ್ಯೆಯು ದೋಣಿಯ ಮುಂದಿನ ಅರ್ಧಭಾಗದಲ್ಲಿ, ಎರಡೂ ಕಡೆ, ಕನಿಷ್ಠ ಮೂರು ಇಂಚು ಎತ್ತರದ ಸರಳ ಅಕ್ಷರಗಳಲ್ಲಿ, ಹಿನ್ನೆಲೆಗೆ ಎದ್ದು ಕಾಣುವ ಬಣ್ಣದಲ್ಲಿ ಇರಬೇಕೆಂಬುದು ಇಲ್ಲಿನ ನಿಯಮ.

ರಸಾಯನ ಉಪನ್ಯಾಸಕಿ · ಏಪ್ರಿಲ್ 23

ಆ ನೊರೆಯಲ್ಲಿರುವುದು ಸಾಮಾನ್ಯವಾಗಿ ಕಾಸ್ಟಿಕ್ ಸೋಡಾ. ಎನಾಮಲ್ ಬಣ್ಣದ ಆಧಾರ ಎಣ್ಣೆಯಿಂದ ಮಾಡಿದ ಆಲ್ಕಿಡ್ ಎಂಬ ರೆಸಿನ್ ಆದ್ದರಿಂದ, ಕಾಸ್ಟಿಕ್ ಅದನ್ನು ಸೋಪು ಮಾಡುವ ರೀತಿಯಲ್ಲಿಯೇ ಒಡೆಯುತ್ತದೆ. ಆದರೆ ಪಾಲಿಯೆಸ್ಟರ್ ಕೂಡ ಆಲ್ಕಿಡ್‌ನಂತೆ ಎಸ್ಟರ್ ಎಂಬ ರಾಸಾಯನಿಕ ಜಾತಿಯದ್ದೇ. ಹೆಚ್ಚು ಹೊತ್ತು ಬಿಟ್ಟರೆ ಜೆಲ್‌ಕೋಟಿಗೂ ಅದೇ ಗತಿ. ಅಲ್ಯೂಮಿನಿಯಂ ಭಾಗಗಳಿಗೆ ತಾಗಿದರೆ ಅವುಗಳನ್ನು ತಿಂದುಹಾಕುತ್ತದೆ, ಕಣ್ಣಿಗೆ ಹಾರಿದರೆ ಮುಂದಿನ ಕಥೆಯನ್ನು ಹೇಳಬೇಕಾಗಿಲ್ಲ. ಬ್ಲೇಡಿನಿಂದ ಬರುವ ಬಣ್ಣಕ್ಕೆ ಇದರ ಅಗತ್ಯವಿಲ್ಲ ಎಂಬುದು ನನ್ನ ಅಭಿಪ್ರಾಯ.

ಮಾಸ್ತರರು ಮೊದಲೇ ಕೇಳಿದ್ದ ಕಲೆಗಳ ಪ್ರಶ್ನೆಗೆ ಇನ್ನೂ ಯಾರೂ ಉತ್ತರಿಸಿಲ್ಲ. ನೀರಿನ ಗೆರೆಯ ಕಂದು ಬಣ್ಣವು ಹೊಳೆಯಲ್ಲಿ ಕೊಳೆತ ಎಲೆ ಮತ್ತು ಬೇರುಗಳಿಂದ ಬರುವ ಒಗರಿನ ಕಲೆ, ಬೋಲ್ಟಿನ ಕೆಳಗಿನದು ಕಬ್ಬಿಣದ ತುಕ್ಕು. ಎರಡಕ್ಕೂ ಆಕ್ಸಾಲಿಕ್ ಆಮ್ಲ ಕೆಲಸ ಮಾಡುತ್ತದೆ. ಅದು ತುಕ್ಕಿನೊಳಗಿನ ಕಬ್ಬಿಣವನ್ನು ಹಿಡಿದು ನೀರಿನಲ್ಲಿ ಕರಗುವಂತೆ ಮಾಡುತ್ತದೆ, ಜೆಲ್‌ಕೋಟನ್ನು ಉಜ್ಜಬೇಕಾಗುವುದೇ ಇಲ್ಲ. ನಮ್ಮ ಅಜ್ಜಿಯಂದಿರು ಬಟ್ಟೆಯ ಮೇಲಿನ ತುಕ್ಕಿಗೂ ಹಿತ್ತಾಳೆಗೂ ಬಿಂಬುಳಿಯನ್ನು ಹಿಂಡುತ್ತಿದ್ದರಲ್ಲ, ಬಿಂಬುಳಿಯ ಹುಳಿಯಲ್ಲಿ ಹೇರಳವಾಗಿರುವುದು ಇದೇ ಆಮ್ಲ. 28 ಅಡಿಯ ದೋಣಿಗೆ ಬಿಂಬುಳಿ ಹಿಂಡುತ್ತ ಕುಳಿತರೆ ಮಳೆಗಾಲ ಬಂದುಬಿಡುತ್ತದೆ, ಆದ್ದರಿಂದ ಪುಡಿಯನ್ನೇ ತನ್ನಿ.

ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಒಂದು ಲೀಟರ್ ಬೆಚ್ಚಗಿನ ನೀರಿಗೆ 50ರಿಂದ 80 ಗ್ರಾಂ ಪುಡಿಯನ್ನು ಕರಗಿಸಿ, ನೆರಳಿನಲ್ಲಿ ಬ್ರಶ್ಶಿನಿಂದ ಕೆಳಗಿನಿಂದ ಮೇಲಕ್ಕೆ ಹಚ್ಚಿ, ಹತ್ತು ಹದಿನೈದು ನಿಮಿಷ ಒಣಗದಂತೆ ನೋಡಿಕೊಂಡು ಧಾರಾಳವಾಗಿ ನೀರು ಹಾಕಿ ತೊಳೆಯಿರಿ. ಕೊನೆಯಲ್ಲಿ ಅಡುಗೆ ಸೋಡಾ ಕಲಸಿದ ನೀರಿನಿಂದ ಒಮ್ಮೆ ಒರೆಸಿದರೆ ಉಳಿದ ಆಮ್ಲವೂ ಶಮನವಾಗುತ್ತದೆ. ಇದು ವಿಷ. ಕೈಗವಸು ಹಾಕಿಕೊಳ್ಳಿ, ಪುಡಿಯನ್ನು ಉಸಿರಾಡಬೇಡಿ, ಮಕ್ಕಳಿಂದ ದೂರವಿಡಿ. ಪಾಚಿಗೆಂದು ಬ್ಲೀಚಿಂಗ್ ಪೌಡರ್ ಬಳಸುವುದಾದರೆ ಅದನ್ನು ಬೇರೆ ದಿನ ಬಳಸಿ. ಆಮ್ಲದ ಜೊತೆ ಸೇರಿದರೆ ಅದರಿಂದ ಕ್ಲೋರಿನ್ ಅನಿಲ ಏಳುತ್ತದೆ.

ಮಲ್ಪೆ ಫೈಬರ್ ಕೆಲಸ · ಏಪ್ರಿಲ್ 24

ತುಕ್ಕಿನ ಗೆರೆ ತೊಳೆದ ಮೇಲೆ ಆ ಬೋಲ್ಟನ್ನೂ ಬದಲಾಯಿಸಿ, ಉಪ್ಪುನೀರಿಗೂ ಬೇಗ ತುಕ್ಕು ಹಿಡಿಯದ 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಹಾಕಿಸಿ. ಇಲ್ಲವಾದರೆ ಒಂದೇ ಮಳೆಗೆ ಗೆರೆ ಮತ್ತೆ ಇಳಿಯುತ್ತದೆ. ನೀರಿನ ಗೆರೆಯ ಕೆಳಗೆ ಹಳೆಯ ತಳದ ಬಣ್ಣವಿದ್ದರೆ ಅದನ್ನು ಒಣಗಿದಾಗ ಉಜ್ಜಬೇಡಿ. ಚಿಪ್ಪು ಹಿಡಿಯದಂತೆ ಹಾಕುವ ಆ ಬಣ್ಣಗಳಲ್ಲಿ ತಾಮ್ರದ ವಿಷವಿರುತ್ತದೆ. ಬಹಳ ಹಳೆಯದಾದರೆ, 2008ರಿಂದ ಅಂತರರಾಷ್ಟ್ರೀಯ ಒಪ್ಪಂದದ ಮೂಲಕ ನಿಷೇಧವಾದ ತವರದ ಸಂಯುಕ್ತವೂ ಇರಬಹುದು. ನೀರು ಹಾಕುತ್ತ ಉಜ್ಜಿ, ಹುಡಿಯನ್ನು ಹೊಳೆಗೆ ಬಿಡದೆ ಟಾರ್ಪಾಲಿನಲ್ಲಿ ಹಿಡಿಯಿರಿ.

ಈಗ ನೆರಳಿನ ಕೆಲಸ. ಉಜ್ಜುವ ಮೊದಲು ಸೋಪಿನ ನೀರಿನಿಂದ ತೊಳೆದು, ದ್ರಾವಕ ಹಚ್ಚಿದ ಒಂದು ಬಟ್ಟೆಯಿಂದ ಒರೆಸಿ, ಒಣಗುವ ಮೊದಲೇ ಇನ್ನೊಂದು ಒಣ ಬಟ್ಟೆಯಿಂದ ಎತ್ತಿ. ಹಳೆಯ ವ್ಯಾಕ್ಸ್ ಮತ್ತು ಮೀನಿನ ಎಣ್ಣೆಯ ಜಿಡ್ಡು ಹೋಗದೆ ಪೇಪರ್ ಹಿಡಿದರೆ ಆ ಜಿಡ್ಡು ಗೀರುಗಳೊಳಗೆ ಸೇರಿ ಕುಳಿತುಕೊಳ್ಳುತ್ತದೆ. ಎಡಮಗ್ಗುಲಿಗೆ ಪೇಪರೇ ಬೇಡ, ಕಾಂಪೌಂಡ್ ಸಾಕು. ಬಲಮಗ್ಗುಲಿನ ಗುಲಾಬಿ ಜಾಗದ ಮೇಲೆ ಪೆನ್ಸಿಲಿನಿಂದ ಅಡ್ಡಡ್ಡ ಗೆರೆಗಳನ್ನು ಎಳೆದು, 1000 ನಂಬರ್ ಪೇಪರನ್ನು ಮರದ ತುಂಡಿಗೆ ಸುತ್ತಿ ನೀರಿನಲ್ಲಿ ಉಜ್ಜಿ. ಗೆರೆಗಳು ಅಳಿದ ಕೂಡಲೇ ನಿಲ್ಲಿಸಿ, ನೋಡಿ, ಬೇಕಾದರೆ ಮತ್ತೆ ಗೆರೆ ಎಳೆಯಿರಿ. ಎಷ್ಟು ತೆಗೆದೆವೆಂಬ ಲೆಕ್ಕ ಕೈಗೆ ಸಿಗುವುದು ಹೀಗೆಯೇ. ಬೆರಳಿನಿಂದ ಒತ್ತಿ ಉಜ್ಜಿದರೆ ಬೆರಳಿನ ಅಗಲದ ಹಳ್ಳ ಬೀಳುತ್ತದೆ, ಅದು ಪಾಲಿಶ್ ಆದ ಮೇಲೆ ಸಂಜೆಯ ಓರೆ ಬೆಳಕಿನಲ್ಲಿ ಅಕ್ಷರಕ್ಕಿಂತ ಚೆನ್ನಾಗಿ ಕಾಣುತ್ತದೆ.

ಬಫಿಂಗ್‌ಗೆ, ಅಂದರೆ ಹೊಳಪು ಬರುವಂತೆ ತಿಕ್ಕಲು, ವೇಗ ಬದಲಾಯಿಸಬಹುದಾದ ಪಾಲಿಶಿಂಗ್ ಮಷೀನನ್ನೇ ಬಾಡಿಗೆಗೆ ತನ್ನಿ. ಹಲವರು ಕಬ್ಬಿಣ ಕೊಯ್ಯುವ ಗ್ರೈಂಡರ್‌ಗೆ ಉಣ್ಣೆಯ ಪ್ಯಾಡ್ ಸಿಕ್ಕಿಸುತ್ತಾರೆ. ಅದು ನಿಮಿಷಕ್ಕೆ ಹತ್ತು ಸಾವಿರಕ್ಕೂ ಹೆಚ್ಚು ಸುತ್ತು ತಿರುಗಿ ಜೆಲ್‌ಕೋಟನ್ನು ಸುಡುತ್ತದೆ. ನಮಗೆ ಬೇಕಾದದ್ದು 1200ರಿಂದ 1800 ಸುತ್ತು ಮಾತ್ರ. ಎರಡು ಅಡಿ ಚೌಕದ ಜಾಗವನ್ನು ತೆಗೆದುಕೊಂಡು, ಬೆಳಗಿನ ನೆರಳಿನಲ್ಲಿ, ಪ್ಯಾಡನ್ನು ನಿಲ್ಲಿಸದೆ ಓಡಿಸಿ. ಕಾಂಪೌಂಡ್ ಒಣಗಿ ಹುಡಿಯಾದರೆ ಕೈಯಿಂದ ಸ್ವಲ್ಪ ನೀರು ಚಿಮುಕಿಸಿ.

ಗಂಗೊಳ್ಳಿ ದೋಣಿ · ಏಪ್ರಿಲ್ 24

ಗ್ರೈಂಡರ್ ವಿಷಯ ನಿಜ. ನಮ್ಮ ದೋಣಿಯ ಮುಂಭಾಗದಲ್ಲಿ ಅದರ ಗುರುತು ಇನ್ನೂ ಇದೆ, ಅದಕ್ಕೇ ಬಣ್ಣ ಹೊಡೆದದ್ದು.

ಅಕ್ಷರ ಪೇಂಟರ್ · ಮೇ 2

ನಾನು ಭಟ್ಕಳದಿಂದ ಕುಂದಾಪುರದವರೆಗೆ ಬೋರ್ಡ್, ಲಾರಿ ಮತ್ತು ದೋಣಿಗಳಿಗೆ ಹೆಸರು ಬರೆಯುವವನು. ಈ ಚರ್ಚೆಯನ್ನು ಓದಿ ಸ್ವಲ್ಪ ಸಂಕಟವೂ ಆಯಿತು. ನೀವು ಬ್ಲೇಡಿನಿಂದ ಕೆರೆಯುತ್ತಿರುವ ಅಕ್ಷರಗಳನ್ನು ನನ್ನಂಥವನೊಬ್ಬ ದಡದಲ್ಲಿ ಅಲುಗಾಡುವ ಏಣಿಯ ಮೇಲೆ ನಿಂತು ಬರೆದಿರುತ್ತಾನೆ. ಹೆಸರು ಬದಲಾಗುವುದು ಲೋಕರೂಢಿ, ಅದಕ್ಕೆ ಬೇಸರವಿಲ್ಲ. ಫೋಟೊ ತೆಗೆದಿಡಿ ಎಂದು ಕಾರವಾರದವರು ಹೇಳಿದ್ದು ನನಗೆ ಬೇರೆಯ ಕಾರಣಕ್ಕಾಗಿ ಹಿಡಿಸಿತು.

ಒಂದು ಗುಟ್ಟು ಹೇಳುತ್ತೇನೆ. ನಾವು ಬರೆಯುವ ಮೊದಲು ಮೇಲಿನ ಮತ್ತು ಕೆಳಗಿನ ಸಾಲುಗಳನ್ನು ಗುರುತಿಸಲು ಚಾಕ್ ದಾರ ಹೊಡೆಯುತ್ತೇವೆ. ಅವಸರವಿದ್ದವರು ಮೊಳೆಯಿಂದ ಗೀರುತ್ತಾರೆ. ಬಣ್ಣ ಹಿಡಿಯಲೆಂದು ಆ ಪಟ್ಟಿಯನ್ನು ಒರಟು ಪೇಪರಿನಿಂದ ಉಜ್ಜುವುದೂ ಉಂಟು. ಮಾಸ್ತರರೇ, ನಿಮ್ಮ ಬಲಮಗ್ಗುಲಿನಲ್ಲಿ ಬಣ್ಣ ಆಳಕ್ಕೆ ಇಳಿದಿದ್ದರೆ ಕಾರಣ ಬಿಸಿಲೊಂದೇ ಅಲ್ಲದಿರಬಹುದು. ರಾತ್ರಿ ಟಾರ್ಚನ್ನು ಮೈಗೆ ತಾಗಿಸಿ ಓರೆಯಾಗಿ ಬೆಳಕು ಬಿಟ್ಟು ನೋಡಿ, ಗೀರುಗಳಿದ್ದರೆ ಕಾಣುತ್ತವೆ.

ಹೊಸ ಅಕ್ಷರಗಳನ್ನು ಬರೆಸುವುದಾದರೆ ವ್ಯಾಕ್ಸ್ ಹಚ್ಚುವ ಮೊದಲೇ ಬರೆಸಿ. ವ್ಯಾಕ್ಸ್ ಅಥವಾ ಸಿಲಿಕೋನ್ ಪಾಲಿಶ್ ಇರುವ ಮೈಮೇಲೆ ಬಣ್ಣ ನಿಲ್ಲುವುದಿಲ್ಲ, ಅಲ್ಲಲ್ಲಿ ಮೀನಿನ ಕಣ್ಣಿನಂತೆ ಗುಂಡಗೆ ಸರಿದುಕೊಂಡು ಕೆಳಗಿನ ಮೈ ಕಾಣುತ್ತದೆ. ಅಕ್ಷರ ಬರುವ ಪಟ್ಟಿಯನ್ನು ಮಾತ್ರ ಟೇಪ್ ಕಟ್ಟಿ ಮಂಕಾಗುವಷ್ಟು ಉಜ್ಜಿ, ಐಸೋಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿದರೆ ಸಾಕು. ಎನಾಮಲ್ಲಿಗಿಂತ ಎರಡು ಡಬ್ಬಿಗಳಿಂದ ಬೆರೆಸಿ ಹಚ್ಚುವ ಪಿಯು (ಪಾಲಿಯುರೆಥೇನ್) ಬಣ್ಣ ಹೆಚ್ಚು ಬಾಳುತ್ತದೆ, ಬೆಲೆಯೂ ಹೆಚ್ಚು. ಸಂಖ್ಯೆಯನ್ನು ಅದರಲ್ಲಿ ಬರೆಸಿ, ಹೆಸರನ್ನು ಎನಾಮಲ್ಲಿನಲ್ಲಿ ಬರೆಸಿ ಎಂದು ನಾನು ಹೇಳುತ್ತೇನೆ. ಮುಂದೆ ಇನ್ನೊಬ್ಬರು ಕೊಂಡಾಗ ಅವರಿಗೆ ಕೆರೆಯಲು ಅನುಕೂಲ.

ಶರಾವತಿ ಮಾಸ್ತರ · ಮೇ 27

ಆಕಾಶ ಕಪ್ಪಾಗುತ್ತಿದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ರಜೆಯಾದ್ದರಿಂದ ದಡದಲ್ಲಿ ಎಲ್ಲರೂ ಬಲೆ ಮತ್ತು ಬಣ್ಣದ ಕೆಲಸದಲ್ಲಿದ್ದಾರೆ. ಪಾಲಿಶಿಂಗ್ ಮಷೀನ್ ಬಾಡಿಗೆಗೆ ಸಿಗಲು ನಾಲ್ಕು ದಿನ ಕಾಯಬೇಕಾಯಿತು.

ಎಡಮಗ್ಗುಲು ಮೂರು ಬೆಳಗಿನಲ್ಲಿ ಮುಗಿಯಿತು, ಈಗ ಅಲ್ಲಿ ಹೆಸರಿತ್ತೆಂದು ಯಾರಿಗೂ ಗೊತ್ತಾಗುವುದಿಲ್ಲ. ಆಕ್ಸಾಲಿಕ್ ಆಮ್ಲದ ಕೆಲಸವನ್ನು ನೋಡಿ ನಮ್ಮ ಮನೆಯವರು ಬಚ್ಚಲಿಗೆಂದು ಸ್ವಲ್ಪ ಪುಡಿ ಕೇಳಿದರು, ಕೊಟ್ಟಿಲ್ಲ. ಹಪ್ಪಳದ ಜಾಗಕ್ಕೆ ಮಲ್ಪೆಯವರು ಹೇಳಿದಂತೆ ಹಾಳೆ ಮುಚ್ಚಿ ಜೆಲ್‌ಕೋಟ್ ತುಂಬಿದೆ. ಹಿಟ್ಟಿನ ಬಿಳಿಗೂ ಬೆಣ್ಣೆಯ ಬಿಳಿಗೂ ಇರುವಷ್ಟು ವ್ಯತ್ಯಾಸ ಉಳಿದಿದೆ. ಔಟ್‌ಬೋರ್ಡ್ ಮೋಟಾರು ಕೂರಿಸಿದರೆ ಅದು ಮರೆಯಾಗುತ್ತದೆ.

ಬಲಮಗ್ಗುಲಿನಲ್ಲಿ ಟಾರ್ಚ್ ಹಿಡಿದು ನೋಡಿದಾಗ ಪೇಂಟರ್ ಅವರು ಹೇಳಿದ ಗೀರುಗಳು ಸಿಕ್ಕಿದವು, ಮೇಲೊಂದು ಕೆಳಗೊಂದು, ನೇರವಾದ ಎರಡು ಸಾಲುಗಳು. ಪೆನ್ಸಿಲ್ ಗೆರೆಗಳನ್ನು ಮೂರು ಸಲ ಎಳೆದು ಮೂರು ಸಲ ಉಜ್ಜಿದೆ. ಗುಲಾಬಿ ಛಾಯೆ ಬಹುತೇಕ ಹೋಯಿತು, ಕೆಳಗಿನ ಗೀರಿನೊಳಗೆ ಮಾತ್ರ ಕೂದಲೆಳೆಯಷ್ಟು ಕೆಂಪು ಉಳಿಯಿತು. ನಾಲ್ಕನೆಯ ಸಲ ಉಜ್ಜಲೇ?

ಮಲ್ಪೆ ಫೈಬರ್ ಕೆಲಸ · ಮೇ 27

ಬೇಡ. ನಿಲ್ಲಿಸಿ, ವ್ಯಾಕ್ಸ್ ಹಚ್ಚಿ, ಟಾರ್ಪಾಲ್ ಕಟ್ಟಿ. ಮೈಗೂ ಟಾರ್ಪಾಲಿಗೂ ನಡುವೆ ಗಾಳಿಯಾಡಲು ಒಂದು ಗೇಣು ಜಾಗ ಬಿಡಿ. ಸಂಖ್ಯೆಯನ್ನು ಮತ್ತೆ ಬರೆಸಬೇಕಾದ ಪಟ್ಟಿಗೆ ಮಾತ್ರ ವ್ಯಾಕ್ಸ್ ತಾಗಿಸಬೇಡಿ.

ಶರಾವತಿ ಮಾಸ್ತರ · ಅಕ್ಟೋಬರ್ 9

ಮಾಲೀಕತ್ವ ವರ್ಗಾವಣೆಯ ಕಾಗದ ಕೈಗೆ ಬಂದಿದೆ, ಹೆಸರಿನ ಬದಲಾವಣೆಯೂ ಅದರಲ್ಲಿಯೇ ಸೇರಿದೆ. ಮಸುಕಾಗಿದ್ದ ಸಂಖ್ಯೆಯನ್ನು ಅದೇ ಅಳತೆಯಲ್ಲಿ, ಅದೇ ಜಾಗದಲ್ಲಿ ತಿದ್ದಿಸಲು ಪೇಂಟರ್ ಅವರು ಬರುವ ಭಾನುವಾರ ಇಲ್ಲಿಗೆ ಬರುತ್ತಿದ್ದಾರೆ. ಬಲಮಗ್ಗುಲಿನ ಕೆಂಪು ಗೀರು ಹಾಗೆಯೇ ಇದೆ. ಹೊಸ ಹೆಸರಿನ ಕೆಳಸಾಲನ್ನು ಸರಿಯಾಗಿ ಅದರ ಮೇಲೆಯೇ ಹಿಡಿಯುತ್ತೇನೆ, ಚಾಕ್ ದಾರದ ಕೆಲಸ ಉಳಿಯಿತು ಎಂದು ಅವರು ಫೋನಿನಲ್ಲಿ ಹೇಳಿದರು.